ಎಡಗಾಲು ಬೇಡದ ಗಾಡಿ

ಸೆಪ್ಟೆಂಬರ್ 4

ಇವತ್ತು ವ್ಯಾನು ನನ್ನ ಮಾನ ಕಳೆಯಿತು. ಆಯನೂರಿನಿಂದ ವಾಪಸು ಬರುವಾಗ ಎರಡನೇ ಗೇರಿನಿಂದ ಮೂರಕ್ಕೆ ಹೋಗಲು ಒಪ್ಪಲೇ ಇಲ್ಲ. ಇಂಜಿನ್ ಒಂದೇ ಸಮನೆ ಕೂಗಿಕೊಂಡಿತು. ಕೊನೆಗೂ ಮೂರನೇ ಗೇರು ಬಿದ್ದಾಗ ಹಿಂದಿನಿಂದ ಲಾರಿ ಗುದ್ದಿತೇನೋ ಎಂದು ಕನ್ನಡಿ ನೋಡಿದೆ. ಲಾರಿ ಇರಲಿಲ್ಲ. ಕಣ್ಣು ಪರೀಕ್ಷೆಯ ಗಾಜುಗಳ ಪೆಟ್ಟಿಗೆ ಮಾತ್ರ ಉರುಳಿಬಿದ್ದು ಗಾಜೆಲ್ಲ ನೆಲದ ಮೇಲಿದ್ದವು. ಮಳೆ ಬೇರೆ. ರಸ್ತೆ ಪಕ್ಕ ನಿಲ್ಲಿಸಿ ಕೀ ತೆಗೆದರೆ ಇಂಜಿನ್ ಆರುವುದಕ್ಕೂ ಸೋಮಾರಿತನ. ಕೀ ನನ್ನ ಕೈಯಲ್ಲಿತ್ತು, ಅದು ತನ್ನ ಪಾಡಿಗೆ ಗುಡುಗುಡು ಎನ್ನುತ್ತಿತ್ತು. ಮೂವತ್ತು ವರ್ಷದ ಮುದಿ ಗಾಡಿ, ಹೇಳಿದ ಮಾತು ಕೇಳುವ ಕಾಲ ಮುಗಿಯಿತು ಎಂದುಕೊಂಡೆ.

ಬೈಕಿನವರಿಬ್ಬರು ನಿಂತು, "ಇಳೀರಿ ಮೇಡಂ, ಏನಾಯ್ತು ನೋಡಾಣ" ಎಂದರು. ನಾನು ಇಳಿಯಲಿಲ್ಲ. ಕಿಟಕಿಯ ಗಾಜು ಏರಿಸಿಕೊಂಡು ಅಣ್ಣನಿಗೆ ಫೋನು ಮಾಡಿದೆ.

ಅಣ್ಣ ಶಿವರಾಜ ನೆನೆದುಕೊಂಡು ಬಂದ. ಬಂದವನ ಮುಖ ಬೆಳ್ಳಗಾಗಿತ್ತು, ಬಾಯಿ ಮಾತ್ರ ಜೋರು. "ಸಾಕು ರಾಜಿ. ಅಕ್ಟೋಬರ್ ಕೊನೆಗೆ ಆರ್‌ಟಿಒದಲ್ಲಿ ಗಾಡಿ ತೋರ್ಸಿ ರಿನ್ಯೂವಲ್ ಮಾಡಿಸ್ಬೇಕು. ಈ ಸ್ಥಿತೀಲಿ ಪಾಸ್ ಆಗುತ್ತಾ? ಗುಜರಿಗೆ ಹಾಕಿ ಆರಾಮಾಗಿ ಅಂಗಡೀಲಿ ಕೂತ್ಕೊ."

ಆರಾಮಂತೆ. ನಮ್ಮ ಕನ್ನಡಕದ ಅಂಗಡಿಯಲ್ಲಿ ಫ್ರೇಮುಗಳಿರುವುದು ಎದುರಿನ ಗೋಡೆಯಲ್ಲಿ. ಒಬ್ಬೊಬ್ಬ ಗಿರಾಕಿ ಬಂದಾಗಲೂ ಎದ್ದು, ಎಡಗಾಲಿಗೆ ಆಸರೆಯಾಗಿ ಕಟ್ಟಿದ ಕಬ್ಬಿಣದ ಕ್ಯಾಲಿಪರ್ ಕಿರುಗುಟ್ಟಿಸುತ್ತ, ಸೊಂಟ ತಿರುಗಿಸಿಕೊಂಡು ಅಲ್ಲಿಯವರೆಗೆ ಹೋಗಿ ಬರಬೇಕು. ಎಲ್ಲರ ಕಣ್ಣೂ ಫ್ರೇಮು ಬಿಟ್ಟು ನನ್ನ ಕಾಲಿನ ಮೇಲೆ. ಹಳ್ಳಿಗಳಿಗೆ ಕಣ್ಣು ನೋಡಲು ಹೋಗುವ ವ್ಯಾನಿನಲ್ಲಿ ಆ ಕಾಟವಿಲ್ಲ. ಇದು ಹೊರದೇಶದ ಸೇವಾಸಂಸ್ಥೆಯೊಂದು ಯಾವುದೋ ಆಸ್ಪತ್ರೆಗೆ ಕೊಟ್ಟಿದ್ದ ಆಂಬುಲೆನ್ಸು. ಹರಾಜಿನಲ್ಲಿ ಅಣ್ಣನೇ ಹಿಡಿದು ತಂದದ್ದು. ಗೇರು ತಾನೇ ಬದಲಾಗುತ್ತದೆ, ಕ್ಲಚ್ ಇಲ್ಲ, ಆದ್ದರಿಂದ ಎಡಗಾಲಿಗೆ ಕೆಲಸವೇ ಇಲ್ಲ. ಪೋಲಿಯೊ ಬಂದ ದಿನದಿಂದ ಕೆಲಸ ಬಿಟ್ಟು ಕೂತಿರುವ ನನ್ನ ಎಡಗಾಲಿಗೆ ಹೇಳಿ ಮಾಡಿಸಿದ ಗಾಡಿ. ಡ್ರೈವರ್ ಸೀಟಿನಿಂದ ಹಿಂದಿನ ಕುರ್ಚಿಗೆ ಜಾರಿಕೊಂಡರೆ ಎಲ್ಲವೂ ಕೈಗೆ ಸಿಗುತ್ತದೆ. ಜನ ಮೆಟ್ಟಿಲು ಹತ್ತಿ ಬರುತ್ತಾರೆ, ಸೊಂಟದಿಂದ ಮೇಲಿನ ನನ್ನನ್ನು ನೋಡುತ್ತಾರೆ, ಕನ್ನಡಕ ಹಾಕಿಕೊಂಡು ಹೋಗುತ್ತಾರೆ. ಆಯನೂರಿನಲ್ಲಾಗಲಿ ಹೊಳಲೂರಿನಲ್ಲಾಗಲಿ ನಾನು ನಡೆಯುವುದನ್ನು ಒಬ್ಬರೂ ನೋಡಿಲ್ಲ. ಅಲ್ಲಿ ನಾನು ಕನ್ನಡಕದ ಮೇಡಂ, ಅಷ್ಟೆ. ಈ ವ್ಯಾನು ಹೋದರೆ ಆ ಮೇಡಂ ಕೂಡ ಹೋದಳು. ಇದನ್ನು ಅಣ್ಣನಿಗೆ ಹೇಳಲು ನಾಚಿಕೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಸೆಪ್ಟೆಂಬರ್ 7

ನಮ್ಮೂರಿನ ರೂಪೇಶನ ಗ್ಯಾರೇಜಿಗೆ ಹೋದೆ. ರೂಪೇಶ್ ಒಳ್ಳೆಯ ಮೆಕ್ಯಾನಿಕ್, ಆದರೆ ಅವನ ಎಡಗಾಲು ಸುಮ್ಮನಿರದು. ನನ್ನನ್ನು ಪಕ್ಕದ ಸೀಟಿಗೆ ಸರಿಸಿ ಟ್ರಯಲ್ ನೋಡಲು ಹೊರಟ. ಗೇರು ಬದಲಿಸುವ ಹೊತ್ತಾಯಿತು ಅನ್ನಿಸಿದ್ದೇ ತಡ, ಅಭ್ಯಾಸಬಲದಿಂದ ಎಡಗಾಲನ್ನು ಕ್ಲಚ್ಚಿಗೆಂದು ಒತ್ತಿದ. ಅಲ್ಲಿರುವುದು ಅಗಲವಾದ ಬ್ರೇಕ್ ಪೆಡಲು. ಅವನ ಮೂತಿ ಸ್ಟಿಯರಿಂಗಿಗೆ, ಹಿಂದಿದ್ದ ಆಟೊದವನ ಬಾಯಲ್ಲಿ ಅವನ ವಂಶವೆಲ್ಲ. ಮತ್ತೆ ಹೊರಟ, ಮತ್ತೆ ಅದೇ. ಕೊನೆಗೆ ಎಡಗಾಲನ್ನು ಮಡಚಿ ಸೀಟಿನ ಕೆಳಗೆ ಬಚ್ಚಿಟ್ಟುಕೊಂಡು ಓಡಿಸಿದ. ಎರಡೂ ಕಾಲು ಸರಿಯಿರುವವರಿಗೆ ಈ ಗಾಡಿ ಕಷ್ಟ. ನನಗೆ ಒಳಗೊಳಗೇ ಖುಷಿಯಾಯಿತು, ಸುಳ್ಳೇಕೆ ಹೇಳಲಿ.

ಗಾಡಿ ಆರಿಸಿ, ತಣ್ಣಗಾಗುವವರೆಗೆ ಕಾದು, ಗೇರ್‌ಬಾಕ್ಸಿನ ಅಳತೆ ಕಡ್ಡಿ ಎಳೆದು ನೋಡಿದ. "ಎಣ್ಣೆ ಜಾಸ್ತಿ ಆಗಿದೆ ಮೇಡಂ, ಅದ್ಕೇ ಒದೀತಿದೆ" ಎಂದು ಒಂದಷ್ಟು ಇಳಿಸಿದ. ಅದರ ಜೊತೆಗೇ ಯಾವುದೋ ಕೇಬಲ್ ಬಿಗಿ ಮಾಡಿದ, ಡೀಸೆಲ್ ಫಿಲ್ಟರ್ ಬದಲಿಸಿದ, ಏರ್ ಫಿಲ್ಟರ್ ಊದಿದ. ಅಷ್ಟು ಹೊತ್ತೂ ನಾನು ಸೀಟು ಬಿಟ್ಟು ಇಳಿಯಲಿಲ್ಲ. ಜ್ಯಾಕ್ ಏರಿಸಿದಾಗ ನಾನೂ ಗಾಡಿಯ ಜೊತೆ ಮೇಲೆ ಹೋದೆ.

ಸೆಪ್ಟೆಂಬರ್ 9

ಇನ್ನೂ ಕೆಟ್ಟಿತು. ಈಗ ಡ್ರೈವ್‌ಗೆ ಹಾಕಿದರೆ ಗಾಡಿ ಹೋಗಬೇಕೋ ಬೇಡವೋ ಎಂದು ಯೋಚಿಸುತ್ತದೆ. ಏರಿನಲ್ಲಿ ಇಂಜಿನ್ ಕೂಗುತ್ತದೆ, ಚಕ್ರ ತಿರುಗದು. ಗುದ್ದು ಹಾಗೇ ಇದೆ.

ರೂಪೇಶ್ ಕೈ ಚೆಲ್ಲಿದ. "ಇದು ನನ್ ಕೈಲಾಗಲ್ಲ ಮೇಡಂ. ಭದ್ರಾವತೀಲಿ ಮಂಜಪ್ಪ ಅಂತ ಇದಾರೆ, ಎಣ್ಣೆ ಮೇಲೆ ನಡೆಯೋ ಯಂತ್ರ ಏನಿದ್ರೂ ಮಾಡ್ತಾರೆ. ಬಾಯಿ ಸ್ವಲ್ಪ ಜಾಸ್ತಿ, ತಡ್ಕೋಬೇಕು."

ಸೆಪ್ಟೆಂಬರ್ 15

ವ್ಯಾನನ್ನು ಲಾರಿಯ ಮೇಲೆ ಹೇರಿಸಿ ಭದ್ರಾವತಿಗೆ ಒಯ್ದೆವು. ನಾನು ಲಾರಿಯ ಮೇಲಿದ್ದ ವ್ಯಾನಿನ ಸೀಟಿನಲ್ಲೇ ಕೂತಿದ್ದೆ. ಮುಂದಿನ ಸೀಟಿಗೆ ಹತ್ತಬೇಕಾದರೆ ನಾಲ್ಕು ಜನ ನೋಡುವಂತೆ ಲಾರಿಯ ಮೆಟ್ಟಿಲು ಏರಬೇಕಿತ್ತು. "ಬೀಳ್ತೀಯಾ, ನಿಂಗೆ ತಲೆ ಸರಿ ಇದೆಯಾ?" ಎಂದು ಅಣ್ಣ ದಾರಿಯುದ್ದಕ್ಕೂ ಫೋನಿನಲ್ಲಿ ಬೈದ.

ಮಂಜಪ್ಪನವರು ಉಕ್ಕಿನ ಕಾರ್ಖಾನೆಯಲ್ಲಿ ಹೈಡ್ರಾಲಿಕ್ ಫಿಟ್ಟರ್ ಆಗಿದ್ದು ನಿವೃತ್ತರಾದವರು. ಕೆಂಪಗೆ ಕಾದ ಕಬ್ಬಿಣವನ್ನು ಎತ್ತಿ ಒತ್ತುವ ಯಂತ್ರಗಳಿಗೆ ಶಕ್ತಿ ಕೊಡುವುದು ಎಣ್ಣೆಯ ಒತ್ತಡವಂತೆ. ಅದನ್ನು ಹೇಳುವಾಗ ಕಾರ್ಖಾನೆಯನ್ನು ತಾವೊಬ್ಬರೇ ನಡೆಸಿದ ಹಾಗೆ ಹೇಳುತ್ತಾರೆ. ಮನೆಯ ಪಕ್ಕದ ತಗಡಿನ ಶೆಡ್ಡೇ ಈಗ ಅವರ ಕಾರ್ಖಾನೆ.

"ಇಂಥ ಗೇರ್‌ಬಾಕ್ಸ್ ಬಿಚ್ಚಿದ್ದೀರಾ?" ಎಂದೆ.

"ಇಲ್ಲ. ನನ್ ಹೆಂಡ್ತೀನ ಮದ್ವೆಗೆ ಮುಂಚೆ ನೋಡಿದ್ದೆನಾ? ಸಂಸಾರ ಆಗ್ಲಿಲ್ವಾ?"

"ಅದರ ಕಷ್ಟ ನನ್ ಕೇಳು ತಾಯಿ" ಎಂದು ಒಳಗಿನಿಂದ ಹೆಂಡತಿ ಮಾಸ್ತಮ್ಮ ಕೂಗಿದರು.

ಬಾಯಿ ಜಾಸ್ತಿ, ಆದರೆ ಮೊದಲ ಕೆಲಸ ಸರಿಯಾಗಿಯೇ ಮಾಡಿದರು. ಗಾಡಿ ಚಾಲೂ ಇಟ್ಟು, ಬಿಸಿಯಾದ ಮೇಲೆ, ಇಂಜಿನ್ ಓಡುತ್ತಿರುವಾಗಲೇ ಅಳತೆ ಕಡ್ಡಿ ಎಳೆದರು. ತುದಿಗೂ ಎಣ್ಣೆ ತಾಗಿರಲಿಲ್ಲ. "ಪಂಪ್ ತಿರುಗ್ತಿರೋವಾಗ ಎಣ್ಣೆ ಮೈಯೆಲ್ಲ ಓಡಾಡ್ತಿರುತ್ತೆ. ನಿಲ್ಸಿದ್ರೆ ಎಲ್ಲ ಇಳಿದು ಬಂದು ಕೆಳಗೆ ಕೂರುತ್ತೆ, ಜಾಸ್ತಿ ಅಂತ್ಲೇ ತೋರ್ಸುತ್ತೆ. ಇಂಜಿನ್ ಆಯಿಲ್ ನೋಡೋ ಅಭ್ಯಾಸ, ಪಾಪ, ಎಲ್ರೂ ಮಾಡೋ ತಪ್ಪು." ಕೆಂಪು ಎಣ್ಣೆ ತರಿಸಿ ಹಾಕಿದ ಮೇಲೆ ಗಾಡಿ ಯೋಚನೆ ಮಾಡುವುದನ್ನು ಬಿಟ್ಟಿತು. ಮೂರನೇ ಗೇರಿನ ಗುದ್ದು ಮಾತ್ರ ಬಿಡಲಿಲ್ಲ.

ಮಾಸ್ತಮ್ಮ ಊಟಕ್ಕೆ ಕರೆದರು. "ಇಲ್ಲೇ ಕೊಡಿ" ಎಂದೆ. ಕಿಟಕಿಯಿಂದಲೇ ತಟ್ಟೆ ಕೊಟ್ಟರು. ಅವರ ಮುಖ ನೋಡಲಾಗದೆ ಬೇಗ ಬೇಗ ಉಂಡೆ.

ಸೆಪ್ಟೆಂಬರ್ 19

ವ್ಯಾನು ಶೆಡ್ಡಿನಲ್ಲಿದೆ, ಆದ್ದರಿಂದ ಬಸ್ಸೇ ಗತಿ. ಅಣ್ಣ ಬಿಟ್ಟುಬರುತ್ತೇನೆಂದ; ಕಾರಿನಲ್ಲಿ ದಾರಿ ಪೂರ್ತಿ ಗುಜರಿಯ ಭಾಷಣ ಕೇಳುವುದಕ್ಕಿಂತ ಬಸ್ಸೇ ವಾಸಿ ಎನ್ನಿಸಿತು. ಕಂಡಕ್ಟರ್ ಯಾರನ್ನೋ ಎಬ್ಬಿಸಿ ಸೀಟು ಕೊಡಿಸಿದ. ಎಲ್ಲರೂ ನೋಡಿದರು. ನೋಡಿದರೆ ನೋಡಲಿ ಎನ್ನುವಷ್ಟು ದೊಡ್ಡ ಮನಸ್ಸು ನನಗಿಲ್ಲ. ಭದ್ರಾವತಿ ಬರುವವರೆಗೂ ಕಿಟಕಿಯ ಹೊರಗೇ ಮುಖ ಮಾಡಿಕೊಂಡಿದ್ದೆ, ಕತ್ತು ಹಿಡಿದುಕೊಂಡಿದೆ.

ಆಟೊದಿಂದ ಇಳಿದು ಶೆಡ್ಡಿಗೆ ಹೋಗುವ ಗಲ್ಲಿ ಸಣ್ಣದು, ಕಲ್ಲು ಬೇರೆ ಎದ್ದಿದೆ. ಬಾಗಿಲಲ್ಲಿ ಕೂತಿದ್ದ ಮುದುಕಿಯೊಬ್ಬಳು, "ಪಾತ್ತು ಪೋಮ್ಮಾ" ಎಂದಳು. ನೋಡಿಕೊಂಡು ಹೋಗು ಅಂತ. ನೋಡಿಕೊಂಡೇ ಹೋದೆ, ನೆಲವನ್ನು.

ಮಂಜಪ್ಪ ಹೇಳಿದರು: "ಒಳಗೆ ಒಂದು ಭಾಗ ಇದೆ, ಅದೇ ಇದರ ತಲೆ. ತೆಗೆದು ನೋಡ್ಲೇಬೇಕು." ಹೂಂ ಎಂದೆ. ಬೇರೆ ಏನು ಹೇಳಲಿ?

ಸೆಪ್ಟೆಂಬರ್ 24

ಇವತ್ತು ನಾನು ನೋಡಿದ್ದನ್ನು ಬರೆಯಲು ಬರುತ್ತದೋ ಇಲ್ಲವೋ. ಆದರೂ ಬರೆಯಬೇಕು.

ಮಂಜಪ್ಪ ಗೇರ್‌ಬಾಕ್ಸಿನ ಕೆಳಗಿನ ತಟ್ಟೆ ಬಿಚ್ಚಿ, ಒಳಗಿನಿಂದ ಎರಡು ಅಂಗೈ ಅಗಲದ ಒಂದು ಲೋಹದ ಗಟ್ಟಿಯನ್ನು ಇಳಿಸಿದರು. ಮಾಸ್ತಮ್ಮ ಬಿಳಿ ಪಂಚೆ ತಂದು ಮೇಜಿನ ಮೇಲೆ ಹಾಸಿದರು. "ಹಬ್ಬಕ್ಕೆ ಅಂತ ಇಟ್ಟಿದ್ದೆ, ಇವರ ಕಣ್ಣು ಅದರ ಮೇಲೇ ಬಿತ್ತು" ಎಂದು ಗೊಣಗಿದರು. ಗಟ್ಟಿಯನ್ನು ಅದರ ಮೇಲಿಟ್ಟು ಸ್ಕ್ರೂ ತೆಗೆದು ಎರಡು ಹೋಳು ಮಾಡಿದಾಗ ನಾನು ಕುರ್ಚಿಯಿಂದ ಎದ್ದು ನಿಂತೆ.

ಒಳಗೆಲ್ಲ ದಾರಿಗಳು. ಬೆರಳಿನಷ್ಟು ಅಗಲದವು, ಕಡ್ಡಿಯಷ್ಟು ಸಣ್ಣವು, ಒಂದರ ಪಕ್ಕ ಒಂದು ಬಾಗಿ, ಬಳಸಿ, ಕವಲೊಡೆದು, ಮತ್ತೆ ಕೂಡಿಕೊಂಡು. ಎಲ್ಲಿಯೂ ಒಂದಕ್ಕೊಂದು ತಾಗುವುದಿಲ್ಲ. ನಡುನಡುವೆ ಕೊಳವೆಗಳೊಳಗೆ ನುಣುಪಾದ ಉಕ್ಕಿನ ಕಡ್ಡಿಗಳು, ಅವುಗಳ ಬೆನ್ನಿಗೆ ಸ್ಪ್ರಿಂಗು. ಸಾಸಿವೆಗಿಂತ ಸ್ವಲ್ಪ ದೊಡ್ಡ ಗುಂಡುಗಳು ಅಲ್ಲಲ್ಲಿ ಕೂತಿದ್ದವು. ಒಂದು ತಂತಿ ಇಲ್ಲ, ಒಂದು ಬಲ್ಬಿಲ್ಲ. ಎಲ್ಲದರ ಮೇಲೂ ಕೆಂಪು ಎಣ್ಣೆ ಹೊಳೆಯುತ್ತಿತ್ತು.

ಮಂಜಪ್ಪ ಮೆಲ್ಲಗೆ ಹೇಳಿದರು: "ಇಲ್ನೋಡಿ ಮೇಡಂ. ಈ ಕಡ್ಡೀನ ಒಂದ್ಕಡೆಯಿಂದ ಗಾಡಿ ವೇಗ ಒತ್ತುತ್ತೆ. ಇನ್ನೊಂದ್ಕಡೆಯಿಂದ ನಿಮ್ಮ ಕಾಲು ಒತ್ತುತ್ತೆ."

"ನನ್ನ ಕಾಲಾ?"

"ನೀವು ಆಕ್ಸಿಲರೇಟರ್ ಎಷ್ಟು ಒತ್ತಿದ್ದೀರೋ ಅಷ್ಟು ಎಣ್ಣೆ ಒತ್ತಡ ಈ ಕಡೆ. ಗಾಡಿ ಎಷ್ಟು ವೇಗವಾಗಿ ಓಡ್ತಿದೆಯೋ ಅಷ್ಟು ಆ ಕಡೆ. ಇಬ್ರಿಗೂ ಜಗ್ಗಾಟ. ವೇಗ ಗೆದ್ರೆ ಕಡ್ಡಿ ಸರಿಯುತ್ತೆ, ದಾರಿ ತೆರೆಯುತ್ತೆ, ಮುಂದಿನ ಗೇರು. ಏರಲ್ಲಿ ಕಾಲು ಜೋರಾಗಿ ಒತ್ತಿದ್ರೆ ಕಾಲು ಗೆಲ್ಲುತ್ತೆ, ಗೇರು ಕೆಳಗಿಳಿಯುತ್ತೆ."

"ಯಾರೂ ಹೇಳದೇನೇ?"

"ಯಾರ್ ಹೇಳ್ಬೇಕು? ಎಣ್ಣೇನೇ ತೀರ್ಮಾನ ಮಾಡುತ್ತೆ."

ಕಡ್ಡಿಯನ್ನು ಬೆರಳಿನಿಂದ ಒತ್ತಿ ನೋಡಿದೆ. ಸರಿಯಿತು, ಬಿಟ್ಟೊಡನೆ ವಾಪಸು ಬಂತು. ಇಷ್ಟು ವರ್ಷ ನಾನು ಗಾಡಿ ಓಡಿಸುತ್ತಿದ್ದೇನೆ ಎಂದುಕೊಂಡಿದ್ದೆ. ಆಯನೂರಿನ ರಸ್ತೆಯಲ್ಲಿ ಯಾವುದೋ ಹಾಡು ಗುನುಗುತ್ತ ಕಾಲು ಸ್ವಲ್ಪ ಸಡಿಲಿಸಿದಾಗೆಲ್ಲ ಈ ಕತ್ತಲೆಯೊಳಗೆ ಇಷ್ಟೊಂದು ನಡೆಯುತ್ತಿತ್ತು. ನನ್ನ ಬಲಗಾಲು ಹೇಳಿದ್ದನ್ನು ಒಂದು ದಿನವೂ ತಪ್ಪದೆ ಯಾರೋ ಕೇಳಿಸಿಕೊಳ್ಳುತ್ತಿದ್ದರು. ಮೈ ಜುಮ್ಮೆಂದಿತು. ಕೈ ಮುಗಿಯಬೇಕು ಅನ್ನಿಸಿತು, ಮಂಜಪ್ಪ ನಕ್ಕಾರು ಎಂದು ಸುಮ್ಮನಾದೆ. ತಿರುಗಿ ನೋಡಿದರೆ ಮಾಸ್ತಮ್ಮ ಆಗಲೇ ಕೈ ಮುಗಿದು ನಿಂತಿದ್ದರು.

ಒಳಗೆ ಎಲ್ಲವೂ ಚೊಕ್ಕಟವಾಗಿತ್ತು. ಕೆಟ್ಟದ್ದು ಏನೂ ಸಿಗಲಿಲ್ಲ. ಅದು ಸಂತೋಷದ ವಿಷಯವೋ ದುಃಖದ ವಿಷಯವೋ ಇಬ್ಬರಿಗೂ ತಿಳಿಯಲಿಲ್ಲ. ಊಟಕ್ಕೆ ಒಳಗೆ ಹೋಗಿ ಕೂತೆ, ಮಾತಾಡುತ್ತ ಮಾತಾಡುತ್ತ ಎರಡು ಮುದ್ದೆ ಉಂಡೆ.

ಸೆಪ್ಟೆಂಬರ್ 26

ಅಂಗಡಿಯಲ್ಲಿ ಗಿರಾಕಿಯೊಬ್ಬರ ಕಣ್ಣಿಗೆ ಟಾರ್ಚ್ ಬಿಟ್ಟೆ. ಪಾಪೆ ಕಿರಿದಾಯಿತು. ಬೆಳಕು ತೆಗೆದೆ, ಅಗಲವಾಯಿತು. ಎಷ್ಟು ಸಾವಿರ ಕಣ್ಣು ನೋಡಿದ್ದೇನೋ, ಇವತ್ತು ಮಾತ್ರ ಟಾರ್ಚ್ ಹಿಡಿದುಕೊಂಡು ನಿಂತೇಬಿಟ್ಟೆ. ಯಾರೂ ಹೇಳದೇನೇ! "ಏನಾದ್ರೂ ತೊಂದ್ರೆ ಇದೆಯಾ ಮೇಡಂ?" ಎಂದು ಅವರು ಗಾಬರಿಯಾದರು. ಗಿರಾಕಿಗಳು ಜಾಸ್ತಿ ಇದ್ದರು, ಫ್ರೇಮು ತರಲು ಎಷ್ಟು ಸಲ ಎದ್ದೆನೋ. ಇಡೀ ದಿನ ತಲೆಯಲ್ಲಿ ಆ ದಾರಿಗಳೇ.

ಅಕ್ಟೋಬರ್ 1

ಆಯುಧಪೂಜೆ. ಗೇರ್‌ಬಾಕ್ಸ್ ಮತ್ತೆ ಜೋಡಿಸಿ ಆಗಿತ್ತು. ಮಾಸ್ತಮ್ಮ ವ್ಯಾನಿಗೆ ವಿಭೂತಿ ಬಳಿದು ಚೆಂಡುಹೂವಿನ ಹಾರ ಹಾಕಿದರು. ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ಹೊರಟೆವು. ನಿಂಬೆಹಣ್ಣು ಅಪ್ಪಚ್ಚಿಯಾಯಿತು, ಒಂದನೇ ಗೇರು, ಎರಡನೇ ಗೇರು, ಇಂಜಿನ್ ಕೂಗಿತು, ಧಡ್. ಹಾರ ಹರಿದು ಬಾನೆಟ್ಟಿನ ಮೇಲೆ ಬಿತ್ತು.

ಮಂಜಪ್ಪ ಒಂದು ಮಾತೂ ಆಡಲಿಲ್ಲ. ಅವರು ಮಾತಾಡದಿದ್ದಾಗ ನನಗೆ ನಿಜವಾಗಿ ಹೆದರಿಕೆಯಾಯಿತು.

ಮನೆಗೆ ಬಂದರೆ ಅಣ್ಣ, "ಗುಜರಿಯವನು ಬಂದಿದ್ದ. ಆರ್‌ಟಿಒಗೆ ಮುಂಚೆನೇ ಕೊಟ್ಬಿಡಾಣ. ಅವತ್ತು ಆ ಮಳೇಲಿ ನೀನು ಒಬ್ಳೇ ಕೂತಿದ್ದು ನೋಡಿ ನನ್ ಜೀವ ಬಾಯಿಗೆ ಬಂದಿತ್ತು ರಾಜಿ" ಎಂದ. ಹೋಗಿ ಮಲಗಿ ಅತ್ತೆ. ಲೋಹದ ಗಟ್ಟಿಯೊಂದಕ್ಕೆ ಅಳುವವಳು ನಾನೊಬ್ಬಳೇ ಇರಬೇಕು.

ಅಕ್ಟೋಬರ್ 6

ಅಳುವುದಕ್ಕಿಂತ ಸಿಟ್ಟು ಮಾಡಿಕೊಳ್ಳುವುದು ನನಗೆ ಒಗ್ಗುತ್ತದೆ. ಬೆಳಿಗ್ಗೆಯೇ ಬಸ್ಸು ಹತ್ತಿದೆ. ಸೀಟು ಸಿಗಲಿಲ್ಲ, ಕಂಬಿ ಹಿಡಿದು ಯೋಚಿಸುತ್ತ ನಿಂತಿದ್ದವಳಿಗೆ ಭದ್ರಾವತಿ ಬಂದದ್ದೇ ತಿಳಿಯಲಿಲ್ಲ.

"ಮಂಜಪ್ಪನೋರೇ, ಇವತ್ತು ನಾನು ಹೇಳ್ದಂಗೆ ಮಾಡಾಣ" ಎಂದೆ. "ನಾನು ಕಣ್ಣು ನೋಡೋದು ಹೇಗೆ ಗೊತ್ತಾ? ಒಂದು ಗಾಜು ಹಾಕಿ, ಕಾಣುತ್ತಾ ಅಂತ ಕೇಳ್ತೀನಿ. ತೆಗೆದು ಇನ್ನೊಂದು ಹಾಕ್ತೀನಿ. ಇದು ವಾಸಿನಾ, ಅದಾ? ಎರಡು ಗಾಜು ಒಟ್ಟಿಗೆ ಬದಲಾಯಿಸಿದ್ರೆ ಯಾವುದರಿಂದ ಕಾಣ್ತು ಅಂತ ದೇವರಿಗೂ ಗೊತ್ತಾಗಲ್ಲ. ನಾವು ಈ ಗಾಡಿಗೆ ಬರೀ ಅದನ್ನೇ ಮಾಡಿದ್ದು. ಮೊದಲು ಅದಕ್ಕೆ ಏನೇನು ತೊಂದರೆ ಅಂತ ಕೇಳೇ ಇಲ್ಲ."

"ಗೇರು ಒದೆಯುತ್ತೆ, ಇನ್ನೇನು?"

"ಇನ್ನೇನು ಅಂತಾನೇ ಕೇಳ್ತಿರೋದು. ಕಣ್ಣು ಮಂಜು ಅಂತ ಬಂದೋರನ್ನ ತಲೆನೋವಿದೆಯಾ, ನೀರು ಬರುತ್ತಾ ಅಂತ ಕೇಳ್ತೀನಿ ನಾನು." ಯೋಚಿಸಿ ಯೋಚಿಸಿ ಹೇಳಿದೆ. ಬ್ರೇಕು ಗಟ್ಟಿಯಾಗಿದೆ, ಮೊದಲಿನಂತೆ ಮೆತ್ತಗೆ ಒತ್ತಿದರೆ ಹಿಡಿಯುವುದಿಲ್ಲ. ಬಲಗಾಲಿನ ಮೀನಖಂಡ ನೋಯುತ್ತಿದೆ, ಬಸ್ಸಿನ ಓಡಾಟದಿಂದ ಎಂದುಕೊಂಡಿದ್ದೆ. ಮತ್ತೆ, ಕೀ ತೆಗೆದರೂ ಇಂಜಿನ್ ಬೇಗ ಆರುವುದಿಲ್ಲ.

ಮಂಜಪ್ಪ ಹಿಡಿದುಕೊಂಡಿದ್ದ ಸ್ಪ್ಯಾನರ್ ಕೆಳಗಿಟ್ಟರು. "ಏನಂದ್ರಿ? ಕೀ ತೆಗೆದ್ರೂ ಆರಲ್ವಾ?" ತಾವೇ ಹೋಗಿ ನೋಡಿದರು. ಇಂಜಿನ್ ನಿಧಾನವಾಗಿ, ಒಲ್ಲದ ಮನಸ್ಸಿನಿಂದ ಆರಿತು. ಅವರು ಅಲ್ಲೇ ನೆಲದ ಮೇಲೆ ಕೂತುಬಿಟ್ಟರು.

"ಅಯ್ಯೋ ಮಂಕೇ" ಎಂದು ತಮ್ಮ ಹಣೆ ಬಡಿದುಕೊಂಡರು. "ಈ ಹಳೇ ಡೀಸೆಲ್ ಇಂಜಿನ್‌ನಲ್ಲಿ ಗಾಳಿ ಎಳೆಯೋ ಸಣ್ಣ ಪಂಪ್ ಒಂದಿರುತ್ತೆ. ಇಂಜಿನ್ ಆರ್ಸೋದೂ ಅದೇ ಎಳೆತ, ಬ್ರೇಕ್‌ಗೆ ಸಹಾಯ ಮಾಡೋದೂ ಅದೇ. ಮೂರನೇ ನಳಿಕೆ ಗೇರ್‌ಬಾಕ್ಸ್‌ಗೆ ಹೋಗಿದೆ. ಯಾಕೆ ಅಂತ ನಾನು ತಲೇನೇ ಕೆಡಿಸ್ಕೊಂಡಿರ್ಲಿಲ್ಲ. ನಿಮ್ಮ ಕಾಲಿನ ಸುದ್ದಿ ಬರೀ ಕೇಬಲ್‌ನಲ್ಲೇ ಹೋಗುತ್ತೆ ಅಂದ್ಕೊಂಡಿದ್ದೆ. ಅಲ್ಲ! ಈ ಎಳೆತದಲ್ಲೂ ಹೋಗುತ್ತೆ. ಕಾಲು ಹಗುರ ಇದ್ರೆ ಎಳೆತ ಜಾಸ್ತಿ, ಪೂರ್ತಿ ಒತ್ತಿದ್ರೆ ಎಳೆತ ಇಲ್ಲ. ಎಲ್ಲೋ ಸೋರ್ತಿದೆ. ನೀವು ಮೆತ್ತಗೆ ಒತ್ತಿದ್ರೂ ಅದಕ್ಕೆ ನೀವು ಬೆಟ್ಟ ಹತ್ತಿಸ್ತಿದ್ದೀರಿ ಅಂತ್ಲೇ ಲೆಕ್ಕ. ಅದ್ಕೇ ಎಣ್ಣೆ ಪೂರ್ತಿ ಒತ್ತಡಕ್ಕೆ ಏರಿ ಗುದ್ದೋದು."

ಬರೀ ಗಾಳಿ. ಗಾಳಿಯೂ ಅಲ್ಲ, ಗಾಳಿ ಇಲ್ಲದಿರುವುದು. ನನ್ನ ಪಾದದ ಭಾರ ಎಷ್ಟೆಂದು ಈ ಗಾಡಿಗೆ ತಿಳಿಯುತ್ತಿದ್ದುದು ಇಲ್ಲದ ಗಾಳಿಯಿಂದ. ಬರೆಯುವಾಗಲೂ ಮೈ ನವಿರೇಳುತ್ತಿದೆ.

ಮಂಜಪ್ಪನವರು ಮೇಲಿನಿಂದ ನಳಿಕೆ ಕಿತ್ತು, ಇಂಜಿನ್ ಚಾಲೂ ಮಾಡಿ, ಪಂಪಿನ ಬಾಯಿಗೆ ನನ್ನ ಬೆರಳು ಇಡಿಸಿದರು. ಬೆರಳನ್ನು ಗಬಕ್ಕನೆ ಎಳೆದುಕೊಂಡಿತು. ಗೇರ್‌ಬಾಕ್ಸಿನ ಕಡೆಯ ತುದಿ ವ್ಯಾನಿನ ತಳದಲ್ಲಿತ್ತು. ಅವರ ದಪ್ಪ ಹೊಟ್ಟೆಗೆ ಅಲ್ಲಿ ಜಾಗವಿಲ್ಲ. ಗೋಣಿಚೀಲ ಹಾಸಿಕೊಂಡು ನಾನೇ ತೆವಳಿದೆ. ಮಾಸ್ತಮ್ಮ ಟಾರ್ಚ್ ಹಿಡಿದರು. ಆ ತುದಿಗೆ ಬೆರಳಿಟ್ಟರೆ ಎಳೆತವೇ ಇಲ್ಲ. ನಳಿಕೆಯ ಮೇಲೆ ಕೈಯಾಡಿಸುತ್ತ ಬಂದೆ. ಬಾಗಿದ ಒಂದು ಕಡೆ ರಬ್ಬರು ಊದಿಕೊಂಡು ಕೊಳೆತ ಬಾಳೆಹಣ್ಣಿನಂತೆ ಮೆತ್ತಗಾಗಿತ್ತು. ಒತ್ತಿದರೆ ಸೀಳು ಬಾಯಿ ಬಿಟ್ಟಿತು.

"ಸಿಕ್ತು!" ಎಂದು ಕಿರುಚಿದೆ. ಮಂಜಪ್ಪನವರಿಗೆ ವ್ಯಾನಿನ ಹೊರಗೆ ಕಾಣುತ್ತಿದ್ದುದು ನನ್ನ ಕಾಲುಗಳು ಮಾತ್ರ. "ಮೇಡಂ, ನಿಮ್ಮ ಕ್ಯಾಲಿಪರ್‌ನ ಮಂಡಿ ಲಾಕ್ ಒಣಗಿ ಕೂತಿದೆ. ಒಂದು ಹನಿ ಎಣ್ಣೆ ಬಿಡ್ಲಾ?" ಎಂದರು. ಬಿಡಿ ಎಂದೆ. ನನ್ನ ಗಮನವೆಲ್ಲ ಸೀಳಿನ ಮೇಲಿತ್ತು.

ಅಕ್ಟೋಬರ್ 7

ಎಣ್ಣೆಗೆ ಕೆಡದ ಹೊಸ ನಳಿಕೆ ಹಾಕಿ, ಬೇರೆ ಯಾವುದನ್ನೂ ಮುಟ್ಟದೆ ಹೊರಟೆವು. ಒಂದು, ಎರಡು. ನಾನು ಉಸಿರು ಹಿಡಿದೆ. "ಮೂರು ಬಿತ್ತಲ್ಲ" ಎಂದರು ಮಂಜಪ್ಪ. ನನಗೆ ಗೊತ್ತೇ ಆಗಿರಲಿಲ್ಲ. ಇಂಜಿನ್ನಿನ ಸದ್ದು ಒಂದು ಮೆಟ್ಟಿಲು ಇಳಿದಿತ್ತು, ಅಷ್ಟೆ.

ಅಲ್ಲೇ ನಿಲ್ಲಿಸಿ, "ಹಳೇ ನಳಿಕೆ ವಾಪಸ್ ಹಾಕಿ" ಎಂದೆ. "ನಿಮಗೇನು ಹುಚ್ಚಾ ಮಾರಾಯ್ತಿ?" ಎಂದು ಬೈದುಕೊಂಡೇ ಹಾಕಿದರು. ಧಡ್. ಮತ್ತೆ ಹೊಸದು. ಮೆತ್ತಗೆ. ಇದಾ, ಅದಾ? ಇದೇ. ಗಾಡಿಯೇ ಉತ್ತರ ಕೊಟ್ಟಿತು. ಕೀ ತೆಗೆದೆ, ಇಂಜಿನ್ ತಟ್ಟನೆ ಆರಿತು. ಮಂಜಪ್ಪನವರ ಕಣ್ಣಲ್ಲಿ ನೀರಿತ್ತು. ಡೀಸೆಲ್ ಹೊಗೆ ಎಂದರು.

ಅಕ್ಟೋಬರ್ 9

ರಬ್ಬರು ಕೊಳೆತದ್ದು ಯಾಕೆ? ತಳಕ್ಕೆಲ್ಲ ಯಾರೋ ಸುಟ್ಟ ಇಂಜಿನ್ ಆಯಿಲ್ಲಿಗೆ ಡೀಸೆಲ್ ಬೆರೆಸಿ ಹೊಡೆಸಿದ್ದಾರೆ, ನಮ್ಮ ಕಡೆ ಮಳೆಗಾಲಕ್ಕೆ ಮುಂಚೆ ತುಕ್ಕು ಹಿಡಿಯಬಾರದೆಂದು ಹೊಡೆಸುತ್ತಾರಲ್ಲ, ಹಾಗೆ, ಎಂದು ಮಂಜಪ್ಪ ಹೇಳಿದ್ದರು. ಆ ಎಣ್ಣೆಯಲ್ಲಿ ನೆನೆದು ನೆನೆದು ಹಳೇ ರಬ್ಬರು ಊದಿಕೊಂಡಿದೆ. ನಾನು ಹೊಡೆಸಿಲ್ಲ. ಗಾಡಿ ತೊಳೆಯುವ ವಾಟರ್ ಸರ್ವಿಸ್‌ನವನಿಗೆ ಫೋನು ಮಾಡಿದೆ. "ನಿಮ್ ಅಣ್ಣಾವ್ರು ಪ್ರತಿ ವರ್ಷ ತಂದು ಹೊಡೆಸ್ತಾರಲ್ಲ ಮೇಡಂ, ಪಕ್ಕದಲ್ಲೇ ನಿಂತು" ಎಂದ.

ಜಗಳಕ್ಕೆ ಸಿದ್ಧಳಾಗಿ ಅಂಗಡಿಗೆ ಹೋದೆ. ಅಣ್ಣ ಪೆಚ್ಚಾದ. "ಮಾರೋದೇ ಆದ್ರೂ ತುಕ್ಕು ಹಿಡಿದಿದ್ದನ್ನ ಯಾರು ತಗೋತಾರೆ?" ಎಂದ. ಆಮೇಲೆ ಗಾಜು ಒರೆಸುತ್ತ, ನನ್ನ ಕಡೆ ನೋಡದೆ, "ತಳ ತೂತು ಬಿದ್ದು ನಿನ್ ಕಾಲು ಸಿಕ್ಕಾಕ್ಕೊಂಡ್ರೆ ಅಂತ ಭಯ ಆಗ್ತಿತ್ತು" ಎಂದ. ಕೆಡಿಸಿದ್ದೂ ಪ್ರೀತಿಯಿಂದಲೇ. ಇವನನ್ನು ಹೇಗೆ ಬೈಯುವುದು? ಬೈದೆ, ಆದರೆ ಚೆನ್ನಾಗಿ ಬೈಯಲಾಗಲಿಲ್ಲ. ಗುಜರಿಯವನಿಗೆ ಅವನೇ ಫೋನು ಮಾಡಿ ಬೇಡ ಎಂದ.

ಅಕ್ಟೋಬರ್ 28

ಆರ್‌ಟಿಒ. ಇನ್‌ಸ್ಪೆಕ್ಟರ್ ತಾವೇ ಓಡಿಸಿ ನೋಡಬೇಕೆಂದರು. ಇಳಿದು, ಆ ಕಡೆ ನಿಂತಿದ್ದವರನ್ನು ಸುತ್ತಿಕೊಂಡು ಹೋಗಿ ಕರೆತಂದು ಡ್ರೈವರ್ ಬಾಗಿಲು ತೆಗೆದುಕೊಟ್ಟೆ. "ಎಡಗಾಲು ಮಡಚಿ ಇಟ್ಕೊಳ್ಳಿ ಸರ್, ಅದಕ್ಕೆ ಇಲ್ಲಿ ಕೆಲಸ ಇಲ್ಲ" ಎಂದೆ. ನಕ್ಕರು. ಗೇಟಿನ ಹತ್ತಿರ ಕಿರ್ರೆಂದು ಬ್ರೇಕು, ಅವರ ಟೋಪಿ ಗಾಜಿಗೆ. ಎರಡನೇ ಸಲ ಕಾಲು ಮಡಚಿಟ್ಟುಕೊಂಡರು. ಸುತ್ತು ಹೊಡೆದು ಬಂದವರು, "ಗೇರು ಬದಲಾಗ್ತಿರೋದೇ ಗೊತ್ತಾಗಲ್ವಲ್ರೀ" ಎಂದರು. ಅದರ ಒಳಗೆ ಏನಿದೆ ಎಂದು ವಿವರಿಸತೊಡಗಿದೆ. ಕ್ಯೂನಲ್ಲಿದ್ದ ಲಾರಿಯವರು ಹಾರ್ನ್ ಹೊಡೆಯುವವರೆಗೂ ನಿಂತು ಹೇಳುತ್ತಲೇ ಇದ್ದೆ.

ಪಾಸ್.

ನವೆಂಬರ್ 6

ಆಯನೂರು. ಬಹಳ ದಿನದ ಮೇಲೆ ಹೋದದ್ದಕ್ಕೆ ಜನ ಮುಗಿಬಿದ್ದರು. ವ್ಯಾನಿನೊಳಗೆ ಹಿಡಿಸಲಾರದೆ ಚಾರ್ಟನ್ನು ಹೊರಗೆ ಗೋಡೆಗೆ ತಗುಲಿಹಾಕಿ, ಎದುರಿಗೆ ದೂರದಲ್ಲಿ ಕುರ್ಚಿ ಇಡಿಸಿದೆ. ಗಾಜು ಬದಲಿಸಲು ಕುರ್ಚಿಯ ಹತ್ತಿರ ಬರುವುದು, ಗುರುತು ತೋರಿಸಲು ಗೋಡೆಯ ಹತ್ತಿರ ಹೋಗುವುದು, ಬೆಳಗಿನಿಂದ ಇದೇ ಆಯಿತು. ದಾರಿಯುದ್ದಕ್ಕೂ ಗಾಡಿ ಎಷ್ಟು ಚೆನ್ನಾಗಿ ಬಂತೆಂದರೆ, ಕೆಲಸ ಮಾಡುವಾಗಲೂ ನನ್ನ ತಲೆ ಆ ಕೆಂಪು ಎಣ್ಣೆಯ ದಾರಿಗಳಲ್ಲೇ ಓಡಾಡುತ್ತಿತ್ತು.

ಮಧ್ಯಾಹ್ನ ಕಾಶಮ್ಮ ಕೂತಳು. ನಾನು ಇಲ್ಲಿಗೆ ಬರತೊಡಗಿದಾಗಿನಿಂದಲೂ ಬರುವ ಮುದುಕಿ. ದೂರದ್ದು ಏನೂ ಕಾಣದು, ಕನ್ನಡಕ ಮಾತ್ರ ಬೇಡವೆಂದು ಹಟ. ಓದು ಬಾರದವರಿಗೆ ಬಾಚಣಿಗೆಯಂಥ ಗುರುತಿನ ಚಾರ್ಟು, ಅದರ ಹಲ್ಲು ಯಾವ ಕಡೆಗಿದೆ ಎಂದು ಕೈಯಲ್ಲಿ ತೋರಿಸಬೇಕು. ಒಂದು ಗಾಜು ಹಾಕಿದೆ. ಕೈ ಮೇಲೆ ಮಾಡಿದಳು, ತಪ್ಪು. ಇನ್ನೊಂದು ಹಾಕಿ, ಗೋಡೆಯ ಹತ್ತಿರ ಹೋಗಿ ಕೋಲಿನಿಂದ ಗುರುತು ತೋರಿಸಿದೆ. ಕಾಶಮ್ಮ ಕೈ ಎತ್ತಲೇ ಇಲ್ಲ. ಚಾರ್ಟನ್ನು ಬಿಟ್ಟು ನನ್ನನ್ನೇ ನೋಡುತ್ತಿದ್ದಳು, ಬಾಯಿ ತೆರೆದುಕೊಂಡು.

"ಯಾಕಜ್ಜಿ? ಕಾಣ್ತಿಲ್ವಾ?"

"ಕಾಣ್ತೈತೆ, ಎಲ್ಲಾ ಕಾಣ್ತೈತೆ" ಎಂದಳು. "ಇಷ್ಟು ವರ್ಷ ಬಂದೀನಿ, ನೀವು ನಿಂತಿದ್ದನ್ನ ಇವತ್ತೇ ನೋಡಿದ್ದು. ಏನ್ ಎತ್ತರ ಇದ್ದೀರಿ ಮಾರಾಯ್ತಿ!"

ಸುತ್ತ ನಿಂತಿದ್ದವರೆಲ್ಲ ತಿರುಗಿ ನನ್ನನ್ನು ನೋಡಿದರು. ನಾನೂ ನೋಡಿಕೊಂಡೆ. ಗೋಡೆಯ ಪಕ್ಕ ಬಿಸಿಲಿನಲ್ಲಿ ನಿಂತಿದ್ದೆ, ಸೀರೆಯ ಅಂಚಿನ ಕೆಳಗೆ ಕ್ಯಾಲಿಪರ್ ಕಾಣುತ್ತಿತ್ತು. ವ್ಯಾನಿನಿಂದ ಯಾವಾಗ ಇಳಿದೆ ಎಂದು ನೆನಪಿಸಿಕೊಳ್ಳಲು ನೋಡಿದೆ, ಆಗಲಿಲ್ಲ. ಕೋಲನ್ನು ಮತ್ತೆ ಚಾರ್ಟಿನ ಮೇಲೆ ಇಟ್ಟೆ.

"ಕೆಳಗಿನ ಸಾಲು ತೋರ್ಸಿ ಅಜ್ಜಿ" ಎಂದೆ.